ಸುಳ್ಳು ಸೆಕೆಂಡು ಯಾರಿಗೆ ಬೇಕು?



ಈ ಸಲ ಗೋಡೆ ಪತ್ರಿಕೆಯ ‘ನನ್ನ ಅಭಿಪ್ರಾಯ’ ಬರೆಯುವ ಸರದಿ ನನ್ನದು. ಹಿಂದೆ ಬರೆದವರೆಲ್ಲ ಪರಿಸರ, ಸ್ವಚ್ಛತೆ, ಸಮಯದ ಮಹತ್ವ ಅಂತ ಬರೆದಿದ್ದಾರೆ. ನಾನು ಕಾರಿನ ಬಗ್ಗೆ ಬರೀತೀನಿ. ಹುಡುಗಿಗೆ ಕಾರಿನ ಉಸಾಬರಿ ಯಾಕೆ ಅಂತ ನಗಬೇಡಿ. ಕೊನೇತನಕ ಓದಿ. ಕಾರಿನ ಕತೆ ಮುಗಿದ ಮೇಲೆ ನನ್ನದೂ ಒಂದು ಕತೆ ಇದೆ.

ದಸರಾ ರಜೆಗೆ ಅಜ್ಜಿ ಊರಿಗೆ ಹೋಗಿದ್ದೆ. ನಮ್ಮ ಮಾವನ ಮಗ ತುಮಕೂರಿನಲ್ಲಿ ಗ್ಯಾರೇಜ್ ಕೆಲಸಕ್ಕೆ ಇದ್ದಾನೆ. ಅವನಿಗೆ ಕಾರು ಅಂದ್ರೆ ಪ್ರಾಣ. ಜಗಲಿ ಮೇಲೆ ಕೂತು ಮೊಬೈಲಿನಲ್ಲಿ ಡ್ರ್ಯಾಗ್ ರೇಸ್ ತೋರಿಸಿದ. ನೇರ ರಸ್ತೆಯಲ್ಲಿ ಎರಡು ಗಾಡಿ ಪಕ್ಕ ಪಕ್ಕ ನಿಲ್ಲುತ್ತವೆ. ಹಸಿರು ದೀಪ ಹತ್ತಿದ ಕೂಡಲೇ ಓಟ. ತಿರುವು ಇಲ್ಲ, ಸುತ್ತು ಇಲ್ಲ. ಹಳೇ ಲೆಕ್ಕದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಮೊದಲು ಅಮೆರಿಕದ ಹುಡುಗರು ಬೀದಿಯಲ್ಲೇ ಹೀಗೆ ಓಡಿಸುತ್ತಿದ್ದರಂತೆ. ಅದನ್ನು ಬೀದಿಯಿಂದ ತಪ್ಪಿಸಿ ನಿಯಮಕ್ಕೆ ತರಬೇಕೆಂದು 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆ ಕಟ್ಟಿದರು. ಅಲ್ಲಿ ಸ್ಟಾಪ್‌ವಾಚ್ ಹಿಡಿದು ಯಾರೂ ನಿಲ್ಲೋದಿಲ್ಲ. ಗೆರೆಯ ಮೇಲೆ ಅಡ್ಡಲಾಗಿ ಬೆಳಕಿನ ಕಿರಣ ಇರುತ್ತದೆ. ಗಾಡಿಯ ಚಕ್ರ ಅದನ್ನು ದಾಟಿದಾಗ ಯಂತ್ರವೇ ಕಾಲ ಬರೆದುಕೊಳ್ಳುತ್ತದೆ. ಅದೂ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ.

ಇಷ್ಟು ವೇಗ ಎಲ್ಲಿಂದ ಬರುತ್ತೆ ಅಂತ ಕೇಳಿದೆ. ‘ಟರ್ಬೊ’ ಅಂದ. ನನಗೆ ಅರ್ಥ ಆಗಲಿಲ್ಲ. ಆಗ ಅವನು ಹೇಳಿದ: ‘ಕುಲುಮೆಯಲ್ಲಿ ತಿದಿ ಒತ್ತಿದರೆ ಬೆಂಕಿ ಹೆಚ್ಚಾಗುತ್ತೆ ತಾನೇ? ಎಂಜಿನ್ನಿಗೂ ಹಾಗೇ. ಗಾಳಿ ಜಾಸ್ತಿ ತುಂಬಿದರೆ ಎಣ್ಣೆ ಜಾಸ್ತಿ ಉರಿಸಬಹುದು, ಬಲ ಜಾಸ್ತಿ ಬರುತ್ತೆ.’ ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತದೆ. ಸುಮ್ಮನೆ ಹೊರಗೆ ಹೋಗುವ ಹೊಗೆಯಿಂದಲೇ ಕೆಲಸ ತೆಗೆಯುವ ಉಪಾಯ ಇದು. ಆಲ್ಫ್ರೆಡ್ ಬ್ಯೂಚಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮೂರ ರಸ್ತೆಯಲ್ಲಿ ಹೋಗುವ ಎಷ್ಟೋ ಲಾರಿಗಳಲ್ಲೂ ಟರ್ಬೊ ಇದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಜಗತ್ತಿನಲ್ಲೇ ಜೋರಾಗಿ ಓಡುವ ಕಾರು ಯಾವುದು ಅಂತ ಕಂಪನಿಗಳಿಗೆ ದೊಡ್ಡ ಪೈಪೋಟಿ. ಅದಕ್ಕೆ ಒಂದು ಒಳ್ಳೇ ಪದ್ಧತಿ ಇದೆ. ಒಂದೇ ರಸ್ತೆಯಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಓಡಿಸಬೇಕು. ಎರಡರ ಸರಾಸರಿಯೇ ದಾಖಲೆ. ಯಾಕೆಂದರೆ ಗಾಳಿ ಬೆನ್ನಿಗೆ ಇದ್ದರೆ, ರಸ್ತೆ ಇಳಿಜಾರಿದ್ದರೆ ಕಾರಿಗೆ ಪುಕ್ಕಟೆ ಸಹಾಯ ಸಿಗುತ್ತದೆ. ಬರುವಾಗ ಅದು ತೀರಿಹೋಗುತ್ತದೆ. 2017ರ ನವೆಂಬರ್‌ನಲ್ಲಿ ಸ್ವೀಡನ್ನಿನ ಕೋನಿಗ್‌ಸೆಗ್ ಕಂಪನಿಯ ಅಗೇರಾ ಆರ್‌ಎಸ್ ಎಂಬ ಕಾರು ಅಮೆರಿಕದ ನೆವಾಡಾದಲ್ಲಿ, ಜನರ ಓಡಾಟ ನಿಲ್ಲಿಸಿದ ಹೆದ್ದಾರಿಯಲ್ಲಿ ಓಡಿತು. ಒಂದು ಕಡೆಗೆ ಗಂಟೆಗೆ ಸುಮಾರು 457 ಕಿ.ಮೀ., ಇನ್ನೊಂದು ಕಡೆಗೆ ಸುಮಾರು 436. ಅದೇ ಕಾರು, ಅದೇ ರಸ್ತೆ, ಎಷ್ಟು ವ್ಯತ್ಯಾಸ ನೋಡಿ! ಸರಾಸರಿ ಸುಮಾರು 447.

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಸ್‌ಎಸ್‌ಸಿ ಎಂಬ ಸಣ್ಣ ಕಂಪನಿ ಅದೇ ಹೆದ್ದಾರಿಗೆ ಟುವಾಟಾರಾ ಎಂಬ ಕಾರು ತಂದಿತು. ಅದಕ್ಕೆ ಎರಡು ಟರ್ಬೊ. ಹೋಗುತ್ತಾ 484.53, ಬರುತ್ತಾ 532.93, ಸರಾಸರಿ 508.73 ಕಿ.ಮೀ. ಅಂತ ಕಂಪನಿಯವರು ಸಾರಿದರು. ಲೋಕವೆಲ್ಲ ಚಪ್ಪಾಳೆ ತಟ್ಟಿತು.

ಆದರೆ ವಿಡಿಯೋ ನೋಡಿದ ಕೆಲವರು ಸುಮ್ಮನೆ ಕೂರಲಿಲ್ಲ. ಅವರು ಮಾಡಿದ್ದು ನಮ್ಮ ಏಳನೇ ತರಗತಿ ಲೆಕ್ಕವೇ! ರಸ್ತೆಯ ಎರಡು ಗುರುತುಗಳ ಮಧ್ಯೆ ದೂರ ಎಷ್ಟು ಅಂತ ನಕ್ಷೆಯಲ್ಲಿ ಅಳೆದರು. ವಿಡಿಯೋದಲ್ಲಿ ಅಷ್ಟು ದೂರಕ್ಕೆ ಎಷ್ಟು ಸೆಕೆಂಡು ಆಯ್ತು ಅಂತ ಎಣಿಸಿದರು. ವೇಗ ಅಂದರೆ ದೂರ ಭಾಗಿಸು ಕಾಲ. ನೀವೇ ಮಾಡಿ ನೋಡಿ. ಗಂಟೆಗೆ 508 ಕಿ.ಮೀ. ವೇಗದಲ್ಲಿ ಒಂದು ಕಿಲೋಮೀಟರಿಗೆ ಸುಮಾರು 7 ಸೆಕೆಂಡು ಸಾಕು. 447 ಆದರೆ ಸುಮಾರು 8 ಸೆಕೆಂಡು ಬೇಕು. ಅವರು ಲೆಕ್ಕ ಹಾಕಿದಾಗ ಕಂಪನಿ ಹೇಳಿದ ವೇಗ ಬರಲೇ ಇಲ್ಲ. ಕಂಪನಿಯವರು ಮೊದಲು ವಿಡಿಯೋ ಜೋಡಿಸುವಾಗ ತಪ್ಪಾಗಿದೆ ಎಂದರು. ಆಮೇಲೆ ಮತ್ತೆ ಓಡಿಸಿ ತೋರಿಸುತ್ತೇವೆ ಎಂದರು. 2021ರ ಜನವರಿಯಲ್ಲಿ ಫ್ಲಾರಿಡಾದಲ್ಲಿ, ಹಿಂದೆ ಬಾಹ್ಯಾಕಾಶ ನೌಕೆಗಳು ಇಳಿಯುತ್ತಿದ್ದ ರನ್‌ವೇಯಲ್ಲಿ ಓಡಿಸಿದರು. ಸರಾಸರಿ ಬಂದದ್ದು ಸುಮಾರು 455. ಅದೇ ವರ್ಷ ಜುಲೈನಲ್ಲಿ, ಮೊದಲು ಹೇಳಿದ ವೇಗ ನಾವು ಮುಟ್ಟಿರಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು.

ಇಲ್ಲಿ ಒಂದು ಮಾತು ಗಮನಿಸಿ. ನಿಜವಾಗಿ ಬಂದ 455 ಕೂಡ ಹಳೆಯ 447ಕ್ಕಿಂತ ಜಾಸ್ತಿಯೇ! ನಿಜಾನೇ ಸಾಕಷ್ಟು ದೊಡ್ಡದಾಗಿತ್ತು. ಆದರೆ ಆ ಕಾರಿನ ಹೆಸರು ಎತ್ತಿದರೆ ಜನ ಇವತ್ತಿಗೂ ಹೇಳೋದು ಆ ಇಲ್ಲದ 508ರ ಕತೆಯನ್ನೇ. ಸುಳ್ಳು ಮೊದಲು ಬಂದು ನಿಜದ ಮರ್ಯಾದೆ ತಿಂದುಹಾಕಿತು.

ಈ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನಮ್ಮ ಶಾಲೆಯ ವರಾಂಡದ ಕಪ್ಪುಹಲಗೆಯಲ್ಲೂ ಒಂದು 508 ಇದೆ. ಅದು ನನ್ನದು.

ಈ ವರ್ಷದ ಶಾಲಾ ಕ್ರೀಡಾಕೂಟದಲ್ಲಿ ಹುಡುಗಿಯರ 100 ಮೀಟರ್ ಓಟ, 12.9 ಸೆಕೆಂಡು, ಶಾಲೆಯ ದಾಖಲೆ ಅಂತ ನನ್ನ ಹೆಸರಿನ ಮುಂದೆ ಬರೆದಿದೆ. ಅವತ್ತು ವಾಚ್ ಹಿಡಿದಿದ್ದವಳು ನನ್ನ ಗೆಳತಿ. ನಾನು ಗೆರೆ ಮುಟ್ಟುವ ಮೊದಲೇ, ಬೇವಿನ ಮರದ ಹತ್ತಿರ ಬಂದಾಗಲೇ ಖುಷಿಯಲ್ಲಿ ಗುಂಡಿ ಒತ್ತಿಬಿಟ್ಟಳು. ಬೇಕಂತ ಮಾಡಿದ್ದಲ್ಲ. ಆದರೆ ನಾನು ಅದನ್ನು ಕಣ್ಣಾರೆ ನೋಡಿದೆ. ಹೇಳಬೇಕಿತ್ತು, ಹೇಳಲಿಲ್ಲ. ಪಿ.ಟಿ. ಮೇಷ್ಟ್ರು ಬೆನ್ನು ತಟ್ಟಿದರು, ಎಲ್ಲರೂ ಚಪ್ಪಾಳೆ ಹೊಡೆದರು. ಬಾಯಿ ಕಟ್ಟಿಹೋಯ್ತು.

ಹೋಬಳಿ ಮಟ್ಟಕ್ಕೆ ಹೋದಾಗ ನಾನು ಐದನೆಯವಳು. ಅಲ್ಲಿ ಬರೆದ ಕಾಲ 14.8. ಊರಿಗೆ ಬಂದು ಕಾಲು ಉಳುಕಿತ್ತು ಅಂದೆ. ಅದೂ ಸುಳ್ಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು.

ಇಷ್ಟೇ ಆಗಿದ್ದರೆ ಯಾರಿಗೇನು ನಷ್ಟ ಅಂತ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆರನೇ ತರಗತಿಯಲ್ಲಿ ಒಬ್ಬ ತಂಗಿ ಇದ್ದಾಳೆ, ಹೆಸರು ಬೇಡ. ದಿನಾ ಸಂಜೆ ಓಡುತ್ತಿದ್ದಳು. 14.3ರಲ್ಲಿ ಓಡಿದಳು. ಹಲಗೆ ನೋಡಿ ‘ಅಕ್ಕ, ನಂಗೆ ನಿಮ್ಮ ಹತ್ರ ಬರಕ್ಕೂ ಆಗಲ್ಲ ಬಿಡಿ’ ಅಂದಳು. ಈಗ ಅವಳು ಮೈದಾನಕ್ಕೇ ಬರುತ್ತಿಲ್ಲ. ನಿಜ ಹೇಳಬೇಕೆಂದರೆ ಅವಳು ನನಗಿಂತ ಮುಂದಿದ್ದಾಳೆ. ಇಲ್ಲದ ಸೆಕೆಂಡಿನ ಹಿಂದೆ ಓಡಿ ಸೋತಳು. ಇದಕ್ಕೆ ಕಾರಣ ನಾನು.

ಕೆಲವರು ಹೇಳಬಹುದು, ಇದು ಶಾಲೆಯ ಮರ್ಯಾದೆ ಪ್ರಶ್ನೆ, ಸುಮ್ಮನಿರು ಅಂತ. ನನ್ನ ಗೆಳತಿಯೂ ಹಾಗೇ ಅಂದಳು. ನಾನು ಒಪ್ಪೋದಿಲ್ಲ. ದಾಖಲೆ ಅನ್ನೋದು ಓಡಿದವರ ಸ್ವಂತ ಆಸ್ತಿ ಅಲ್ಲ. ಮುಂದೆ ಓಡುವವರಿಗೆ ಅದು ಮೈಲಿಗಲ್ಲು. ಮೈಲಿಗಲ್ಲನ್ನೇ ಕಿತ್ತು ಬೇರೆ ಕಡೆ ನೆಟ್ಟರೆ ಹಿಂದೆ ಬರುವವರು ದಾರಿ ತಪ್ಪುತ್ತಾರೆ. ಆ ಕಾರಿನ ಕಂಪನಿಯೇ ಲೋಕದ ಮುಂದೆ ಒಪ್ಪಿಕೊಂಡ ಮೇಲೆ, ನಮ್ಮ ವರಾಂಡದಲ್ಲಿ ಒಪ್ಪಿಕೊಳ್ಳೋದಕ್ಕೆ ನನಗೇನು ಕಷ್ಟ? ಕಷ್ಟ ಇದೆ, ಆದರೂ ಒಪ್ಪಿಕೊಳ್ತಿದ್ದೀನಿ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು.

ಒಂದು, ಹಲಗೆಯ ಮೇಲಿನ 12.9 ಅಳಿಸಬೇಕು. ಮೇಷ್ಟ್ರು ಅಪ್ಪಣೆ ಕೊಟ್ಟರೆ ನಾನೇ ಡಸ್ಟರ್ ಹಿಡಿದು ಅಳಿಸುತ್ತೇನೆ.

ಎರಡು, ಮೈದಾನವನ್ನು ಹೆಜ್ಜೆ ಲೆಕ್ಕದಲ್ಲಿ ಅಳೆಯುವುದು ಬಿಟ್ಟು ಟೇಪು ಹಿಡಿದು ಅಳೆಯಬೇಕು.

ಮೂರು, ಇಬ್ಬರು ವಾಚ್ ಹಿಡಿಯಬೇಕು. ಇಬ್ಬರೂ ಗೆರೆಯ ನೇರಕ್ಕೆ ನಿಲ್ಲಬೇಕು. ಓಡುವವರ ಗೆಳತಿಯರು ಹಿಡಿಯಬಾರದು.

ನಾಲ್ಕು, ನಮ್ಮ ಮೈದಾನ ಕೆರೆಯ ಕಡೆಗೆ ಇಳಿಜಾರಿದೆ. ಶಾಲೆಯ ದಾಖಲೆ ಬರೆಯುವಾಗ ಕಾರಿನವರ ಹಾಗೆ ಒಮ್ಮೆ ಕೆರೆ ಕಡೆಗೆ, ಸುಧಾರಿಸಿಕೊಂಡು ಒಮ್ಮೆ ಶಾಲೆ ಕಡೆಗೆ ಓಡಿಸಿ ಸರಾಸರಿ ತೆಗೆಯಬೇಕು.

ಇನ್ನೊಂದು ಮಾತು ಹುಡುಗರಿಗೆ. ಕಾರಿನ ಕತೆ ಓದಿ ಅಣ್ಣಂದಿರ ಬೈಕು ತಗೊಂಡು ರಸ್ತೆಗೆ ಇಳಿಯಬೇಡಿ. ಅವರು ರಸ್ತೆ ಮುಚ್ಚಿಸಿ, ಹೆಲ್ಮೆಟ್ ಹಾಕಿ ಓಡಿಸಿದವರು. ನಮ್ಮ ರಸ್ತೆಯಲ್ಲಿ ದನ, ಕರು, ಅಜ್ಜಿಯರು ಎಲ್ಲರೂ ಓಡಾಡುತ್ತಾರೆ.

ಕೊನೆಗೆ ಆ ತಂಗಿಗೆ ಒಂದು ಮಾತು. ನಾಳೆ ಸಂಜೆ ಬೆಲ್ ಹೊಡೆದ ಮೇಲೆ ಮೈದಾನಕ್ಕೆ ಬಾ. ಇಬ್ಬರೂ ಒಟ್ಟಿಗೆ ಓಡೋಣ. ನೀನೇ ಗೆಲ್ಲುತ್ತೀಯ ಅಂತ ನನಗೆ ಅನ್ನಿಸುತ್ತೆ. ಗೆದ್ದರೆ ಹಲಗೆಯಲ್ಲಿ ನಿನ್ನ ಹೆಸರು ನಾನೇ ದುಂಡಗೆ ಬರೀತೀನಿ. ಆದರೆ ನಾನೂ ಸುಮ್ಮನೆ ಬಿಟ್ಟುಕೊಡೋಳಲ್ಲ, ಜೋರಾಗೇ ಓಡ್ತೀನಿ.

ತಪ್ಪಿದ್ದರೆ ಗುರುಗಳು ತಿದ್ದಬೇಕು, ಗೆಳೆಯರು ಕ್ಷಮಿಸಬೇಕು.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ
(ಹೆಸರು ಹಲಗೆಯ ಮೇಲೆ ಇದೆ, ಅಳಿಸುವತನಕ)