ಗಾಳಿ ಇಮ್ಮಡಿ, ಒತ್ತಡ ನಾಲ್ಮಡಿ

ಹೊನ್ನಾವರದಲ್ಲಿ ಶರಾವತಿ, ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಕಡಲು ಸೇರುತ್ತವೆ. ಭಟ್ಕಳದ ಬಂದರವೂ ಹೊಳೆಯ ಬಾಯಲ್ಲೇ ಇದೆ. ಎಂಜಿನ್ ಬರುವ ಮೊದಲು ಈ ಅಳಿವೆಗಳಿಂದ ಹೊರಡುತ್ತಿದ್ದ ದೋಣಿಗಳಿಗೆ ಗಾಳಿಯೇ ಇಂಧನ, ಗಾಳಿಯೇ ಗಡಿಯಾರ. ಮಳೆಗಾಲ ಬಿಟ್ಟ ದಿನಗಳಲ್ಲಿ ಬೆಳಗಿನ ಜಾವ ಘಟ್ಟದ ಕಡೆಯಿಂದ ನೆಲಗಾಳಿ ಬೀಸುತ್ತದೆ, ದೋಣಿ ಕಡಲಿಗಿಳಿಯುತ್ತಿತ್ತು. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಹಗುರಾಗಿ ಮೇಲೇರಿದಾಗ ಕಡಲಿನ ತಂಪು ಗಾಳಿ ಆ ಜಾಗಕ್ಕೆ ನುಗ್ಗುತ್ತದೆ. ಮಧ್ಯಾಹ್ನ ಅದೇ ಗಾಳಿ ದೋಣಿಯನ್ನು ಮನೆಗೆ ತರುತ್ತಿತ್ತು.

ಗಾಳಿ ಬೆನ್ನಿಗಿದ್ದರೆ ಕೆಲಸ ಸುಲಭ. ಹಗ್ಗ ಸಡಿಲಿಸಿ ಹಾಯಿಯನ್ನು ದೋಣಿಗೆ ಅಡ್ಡಲಾಗಿ ಬಿಟ್ಟರಾಯಿತು. ಗಾಳಿ ಪಕ್ಕಕ್ಕೆ ತಿರುಗಿದರೆ ಹಗ್ಗ ಎಳೆದು ಹಾಯಿಯನ್ನು ಒಳತರಬೇಕು. ಎಷ್ಟು ಎಳೆಯಬೇಕು? ಹಗ್ಗ ಬಿಡುತ್ತ ಹೋದರೆ ಹಾಯಿಯ ಮುಂದಿನ ಅಂಚು ಪಟಪಟ ಬಡಿಯತೊಡಗುತ್ತದೆ. ಆ ಬಡಿತ ನಿಲ್ಲುವಷ್ಟು ಎಳೆದರೆ ಸಾಕು. ಅದಕ್ಕಿಂತ ಹೆಚ್ಚು ಎಳೆದರೆ ವೇಗ ಹೆಚ್ಚುವುದಿಲ್ಲ, ದೋಣಿ ಸುಮ್ಮನೆ ವಾಲುತ್ತದೆ. ನೇರ ಎದುರುಗಾಳಿಗೆ ಮಾತ್ರ ಯಾವ ಹಾಯಿಯೂ ಸಾಗದು, ಅಂಕುಡೊಂಕಾಗಿಯೇ ಹೋಗಬೇಕು.

ದಿಕ್ಕಿಗಿಂತ ದೊಡ್ಡ ತೊಂದರೆ ಗಾಳಿಯ ಬಲದ್ದು. ಹತ್ತು ಚದರ ಮೀಟರ್ ಹಾಯಿಗೆ ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ತಾಗಿದರೆ ಒತ್ತುವ ಬಲ ಸುಮಾರು 15 ಕಿಲೋಗ್ರಾಂ ತೂಕದಷ್ಟು. ವೇಗ 36 ಆದರೆ ಬಲ 30 ಅಲ್ಲ, 60! ಬಲ ಹೆಚ್ಚುವುದು ವೇಗದ ವರ್ಗಕ್ಕೆ ಅನುಗುಣವಾಗಿ. ಬಿರುಗಾಳಿಯಲ್ಲಿ ಕೊಡೆ ಹಿಡಿದವರ ಕೈಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಹಾಯಿಯನ್ನು ಅರ್ಧಕ್ಕೆ ಇಳಿಸಿದರೂ ಮೊದಲಿನ ಇಮ್ಮಡಿ ಬಲ ಉಳಿಯುತ್ತದೆ. ಆದರೆ ಹಾಯಿ ಕುಗ್ಗಿದಾಗ ಬಲ ಬೀಳುವ ಎತ್ತರವೂ ತಗ್ಗುತ್ತದೆ. ದೋಣಿಯನ್ನು ಮಗುಚುವುದು ಬಲ ಮತ್ತು ಎತ್ತರಗಳ ಗುಣಲಬ್ಧವಾದ್ದರಿಂದ ಇದು ದೊಡ್ಡ ಲಾಭ. ಅರಬ್ಬೀ ಸಮುದ್ರದ ದೊಡ್ಡ ಹಾಯಿಹಡಗುಗಳು ಇದಕ್ಕಾಗಿಯೇ ಸಣ್ಣದೊಂದು ಹಾಯಿಯನ್ನು ಬೇರೆ ಇಟ್ಟುಕೊಳ್ಳುತ್ತಿದ್ದವು.

ಹಾಯಿ ತಗ್ಗಿಸುವ ಕೆಲಸ ಗಾಳಿ ಜೋರಾಗುವ ಮೊದಲೇ ಮುಗಿಯಬೇಕು. ವಾಲಿದ ದೋಣಿಯಲ್ಲಿ, ಬಿಗಿದ ಬಟ್ಟೆಯೊಡನೆ ಗುದ್ದಾಡುವುದು ಇಬ್ಬರ ಕೈಗೂ ಮೀರಿದ್ದು. ಹಠಾತ್ ಬೀಸಿಗೆ ಒಂದೇ ಉಪಾಯ: ಹಗ್ಗ ಬಿಟ್ಟುಬಿಡುವುದು. ಆದ್ದರಿಂದ ಸಣ್ಣ ದೋಣಿಯಲ್ಲಿ ಹಾಯಿಯ ಹಗ್ಗವನ್ನು ಗಂಟು ಹಾಕಿ ಕಟ್ಟುವಂತಿಲ್ಲ, ಕೈಯಲ್ಲೇ ಹಿಡಿದಿರಬೇಕು. ಗಂಟು ಬಿಚ್ಚುವಷ್ಟರಲ್ಲಿ ದೋಣಿ ಮಗುಚಿರುತ್ತದೆ.

ಮೇ ತಿಂಗಳ ಗುಡುಗುಮಳೆ ಈ ಎಲ್ಲ ಲೆಕ್ಕವನ್ನೂ ಕೆಡಿಸಬಲ್ಲದು. ಮೋಡದಿಂದ ಧುಮುಕಿದ ತಣ್ಣನೆಯ ಗಾಳಿ ಕಡಲಗಾಳಿಯನ್ನು ಕ್ಷಣದಲ್ಲಿ ಹಿಂದೂಡಿ ದಿಕ್ಕನ್ನೇ ಬದಲಿಸುತ್ತದೆ. ಅಳಿವೆಯಲ್ಲೂ ಅಪಾಯವಿದೆ: ಇಳಿತದಲ್ಲಿ ಹೊರಹರಿಯುವ ಹೊಳೆನೀರಿಗೆ ಕಡಲಗಾಳಿ ಎದುರಾದರೆ ಅಲೆಗಳು ಕಡಿದಾಗಿ ಏಳುತ್ತವೆ. ಆಗ ಹಾಯಿ ತಗ್ಗಿಸಿ, ದಡ ಕಣ್ಣೆದುರಿಗೇ ಕಾಣುತ್ತಿದ್ದರೂ, ಉಬ್ಬರ ಬರುವವರೆಗೆ ಹೊರಗೆ ಕಾಯಬೇಕಾಗುತ್ತದೆ.