ಮಗುವಿಗೆ ಹೇಳಬೇಕೋ, ಬೇಡವೋ?

‘ಹುಡುಗನಿಗೆ ಏನೂ ಹೇಳಬ್ಯಾಡ್ರಿ.’ ದೊಡ್ಡ ಕಾಯಿಲೆ ಹೊಕ್ಕ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಇದು. ಸಂಡೂರು ತಾಲ್ಲೂಕಿನ ಚೋರನೂರಿನಿಂದ ಮಗುವನ್ನು ಬಳ್ಳಾರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕರೆದೊಯ್ಯುವ ಹೆತ್ತವರೂ ಹೀಗೇ ಅಂದಾರು. ಕರುಳಿನ ಮಾತು, ದೂರುವಂತಿಲ್ಲ. ಆದರೆ ಈ ಮೌನ ಮಗುವನ್ನು ಕಾಯುವುದಿಲ್ಲ, ಒಂಟಿ ಮಾಡುತ್ತದೆ.

ಮಗು ಮಲಗಿದೆ ಎಂದುಕೊಂಡು ದೊಡ್ಡವರು ಪಿಸುಗುಡುತ್ತಾರೆ. ಅದು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತಿರುತ್ತದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದು, ಗದರುತ್ತಿದ್ದ ಅಪ್ಪ ಕೇಳಿದ್ದೆಲ್ಲ ಕೊಡಿಸತೊಡಗಿದ್ದು, ವಾರ್ಡಿನಲ್ಲಿ ಪಕ್ಕದ ಹಾಸಿಗೆ ಬೆಳಗಾಗುವುದರಲ್ಲಿ ಬರಿದಾದದ್ದು ಎಲ್ಲವೂ ಅದರ ಗಮನಕ್ಕೆ ಬಂದಿರುತ್ತದೆ. ರಕ್ತದ ಕ್ಯಾನ್ಸರಿನ ಮಕ್ಕಳ ಒಡನಾಟದಲ್ಲಿದ್ದು ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲಾಂಗ್ನರ್ 1978ರಲ್ಲಿ ಬರೆದ ಪುಸ್ತಕವೂ ಇದನ್ನೇ ತೋರಿಸಿತು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಮ್ಮ ಸ್ಥಿತಿ ತಿಳಿದಿತ್ತು. ಹೆತ್ತವರು ನೊಂದಾರೆಂದು ಏನೂ ಅರಿಯದವರಂತೆ ಇದ್ದರು.

ತೀರಾ ಚಿಕ್ಕವರ ಪಾಡು ಇನ್ನೂ ಕಷ್ಟದ್ದು. ತಾವು ಮಾಡಿದ ತಪ್ಪಿಗೇ ಕಾಯಿಲೆ ಬಂತೆಂದು ಅವರು ನಂಬಿಬಿಡುತ್ತಾರೆ. ಹಠ ಮಾಡಿದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ ಎಂದು ಹೆದರಿಸಿ ಬೆಳೆಸಿದವರು ನಾವೇ ಅಲ್ಲವೇ?

ಹೇಳುವುದೆಂದರೆ ರೋಗದ ಹೆಸರನ್ನೂ ಭವಿಷ್ಯವನ್ನೂ ಒಮ್ಮೆಗೇ ಸುರಿಯುವುದಲ್ಲ. ‘ನಿನ್ನ ರಕ್ತದಲ್ಲಿ ತೊಂದರೆ ಐತಿ. ನಿನ್ನ ತಪ್ಪಿನಿಂದ ಬಂದಿದ್ದಲ್ಲ. ಸೂಜಿ ನೋಯ್ತದ, ನಾನು ಕೈ ಹಿಡ್ಕೊಂಡಿರ್ತೀನಿ’ ಎಂದರೆ ಬಹಳಷ್ಟು ಹೇಳಿದಂತಾಯಿತು. ನೋಯುವುದೇ ಇಲ್ಲ ಎಂದು ಒಮ್ಮೆ ಸುಳ್ಳಾಡಿದರೆ ಮುಂದಿನ ಮಾತನ್ನು ಮಗು ನಂಬದು. ಮಕ್ಕಳಲ್ಲಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ತಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ತೀವ್ರವಾಗಿರುವ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಇಷ್ಟು ದೀರ್ಘ ದಾರಿಯನ್ನು ನಂಬಿಕೆಯಿಲ್ಲದೆ ಹೇಗೆ ಸವೆಸುವುದು?

ಮಗುವಿನ ಮನಸ್ಸನ್ನು ಹೀಗೆ ನೋಡಿಕೊಳ್ಳುವುದು ಬೆಂಗಳೂರಿನ ತಜ್ಞರಿಂದ ಮಾತ್ರ ಆಗುವ ಕೆಲಸವೆನ್ನುವವರಿಗೆ ನಮ್ಮ ಬಳ್ಳಾರಿ ಜಿಲ್ಲೆಯೇ ಉತ್ತರ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆ ಹಳ್ಳಿಯಲ್ಲೇ ಸಾಧ್ಯವೆಂದು ತೋರಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಶುರುವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. ದೇಶಕ್ಕೆ ದಾರಿ ತೋರಿದ ಜಿಲ್ಲೆಯಲ್ಲಿ ಕಾಯಿಲೆಯ ಮಕ್ಕಳ ಮನಸ್ಸು ಯಾರ ಲೆಕ್ಕಕ್ಕೂ ಬಾರದೆ ಉಳಿಯಬಾರದು. ಆಶಾ ಕಾರ್ಯಕರ್ತೆ ಗುಳಿಗೆ ವಿಚಾರಿಸುವಾಗಲೇ ನಿದ್ದೆ, ಆಟ, ಭಯಗಳನ್ನೂ ವಿಚಾರಿಸಲಿ. ಕೂದಲು ಉದುರಿದ ತಲೆಯಲ್ಲಿ ಶಾಲೆಗೆ ಮರಳುವ ಮಗುವಿನ ಬಗ್ಗೆ ಮೇಷ್ಟ್ರು ತರಗತಿಗೆ ಮೊದಲೇ ಹೇಳಿಡಲಿ. ಅದು ಅಂಟುವ ಕಾಯಿಲೆಯಲ್ಲವೆಂದೂ ತಿಳಿಸಲಿ. ಹೆತ್ತವರೇ ಕುಸಿದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ-ಮಾನಸ್‌ನ ಈ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.