ಬೆರಳಿಗೆ ಓಗೊಡುವ ಲೆಕ್ಕ

1983ರಲ್ಲಿ ಯಮಾಹಾ ಹೊರತಂದ ಡಿಎಕ್ಸ್7 ಕೀಬೋರ್ಡಿನೊಳಗೆ ಯಾವ ವಾದ್ಯದ ಧ್ವನಿಮುದ್ರಣವೂ ಇರಲಿಲ್ಲ. ಇದ್ದದ್ದು ಲೆಕ್ಕಾಚಾರ ಮಾತ್ರ. ಇವತ್ತು ಒಂದು ಪಿಯಾನೊ ನಾದಕ್ಕೇ ನೂರಾರು ಮೆಗಾಬೈಟು ಸ್ಯಾಂಪಲ್, ಅಂದರೆ ನಿಜ ವಾದ್ಯದ ಮುದ್ರಣ, ತುಂಬುತ್ತಾರೆ. ಅಂಥ ಹೊಸ ಕೀಬೋರ್ಡಿನ ಪಕ್ಕ ಈ ಮುದುಕನನ್ನು ನಿಲ್ಲಿಸುವುದು ಅನ್ಯಾಯ ಅನ್ನಿಸಬಹುದು. ಅನ್ಯಾಯ ಯಾರಿಗೆ ಅನ್ನುವುದು ನುಡಿಸಿ ನೋಡುವವರೆಗೆ ಗೊತ್ತಾಗುವುದಿಲ್ಲ.

ಡಿಎಕ್ಸ್7ನ ಲೆಕ್ಕಾಚಾರದ ಮೂಲ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. ಸಂಗೀತ ಸಂಯೋಜಕ ಜಾನ್ ಚೌನಿಂಗ್ 1967ರಲ್ಲಿ ಕಂಪ್ಯೂಟರಿನಲ್ಲಿ ಒಂದು ಸ್ವರವನ್ನು ಅಲುಗಿಸಿ ನೋಡುತ್ತಿದ್ದರು. ನಮ್ಮ ಗಾಯಕರ ಕಂಪಿತ ಗಮಕವನ್ನು ನೆನೆದರೆ ಸಾಕು. ಅಲುಗಾಟದ ವೇಗ ಏರಿಸುತ್ತ ಹೋದಾಗ ಒಂದು ಹಂತದಲ್ಲಿ ಅದು ಅಲುಗಾಟವಾಗಿ ಕೇಳುವುದೇ ನಿಂತು, ಸ್ವರದ ಬಣ್ಣವೇ ಬೇರೆಯಾಯಿತು. ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಷನ್) ಸಿಂಥೆಸಿಸ್ ಹುಟ್ಟಿದ್ದು ಹೀಗೆ, ಕಿವಿಯಿಂದ. ಗಣಿತ ಆಮೇಲೆ ಬಂತು. ಅಮೆರಿಕದ ಆರ್ಗನ್ ಕಂಪನಿಗಳು ಇದಕ್ಕೆ ಕೈಹಾಕಲಿಲ್ಲ, ಜಪಾನಿನ ಯಮಾಹಾ ಹಕ್ಕು ಪಡೆಯಿತು.

ಎಂಬತ್ತರ ದಶಕದ ಪಾಶ್ಚಾತ್ಯ ಪಾಪ್ ಹಾಡುಗಳನ್ನು ಕೇಳಿದವರಿಗೆಲ್ಲ ಪರಿಚಿತವಾದ ‘ಇ ಪಿಯಾನೊ 1’ ಎಂಬ ಟೋನನ್ನೇ ಬಿಚ್ಚಿ ನೋಡೋಣ. ಡಿಎಕ್ಸ್7ನ ಒಂದೊಂದು ಸ್ವರದ ಹಿಂದೆ ಆರು ಸೈನ್ ಅಲೆಗಳಿವೆ. ಈ ಟೋನಿನಲ್ಲಿ ಅವು ಮೂರು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಕೇಳಿಸುತ್ತದೆ, ಇನ್ನೊಂದು ಅದನ್ನು ಅಲುಗಿಸುತ್ತದೆ. ಒಂದು ಜೋಡಿಯಲ್ಲಿ ಅಲುಗಿಸುವ ಅಲೆಯ ವೇಗ ಮೂಲ ಸ್ವರದ 14 ಪಟ್ಟು. ಲೋಹದ ಕಡ್ಡಿಗೆ ಸುತ್ತಿಗೆ ತಾಗಿದಂಥ ಆ ‘ಟಿಂಗ್’ ಬರುವುದು ಅಲ್ಲಿಂದ, ಬಂದ ಕೂಡಲೇ ಅದು ಕರಗುತ್ತದೆ. ಕೀಲಿಯನ್ನು ಮೆಲ್ಲಗೆ ಒತ್ತಿದರೆ ಅಲುಗಾಟ ಕಡಿಮೆ, ನಾದ ದುಂಡಗೆ. ಜೋರಾಗಿ ಹೊಡೆದರೆ ಸದ್ದು ಹೆಚ್ಚುವುದಷ್ಟೇ ಅಲ್ಲ, ಲೋಹ ಕೆರಳುತ್ತದೆ.

ಸ್ಯಾಂಪಲ್ ಕೀಬೋರ್ಡೂ ಮೆಲು, ಮಧ್ಯಮ, ಜೋರು ಎಂದು ಬೇರೆಬೇರೆ ಮುದ್ರಣ ಇಟ್ಟುಕೊಂಡಿರುತ್ತದೆ. ಆದರೆ ಅಗ್ಗದ ಯಂತ್ರಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವ ಗಡಿ ಕಿವಿಗೆ ತಾಗುತ್ತದೆ. ಲೆಕ್ಕದಿಂದ ಹುಟ್ಟುವ ನಾದಕ್ಕೆ ಈ ಮುಜುಗರವಿಲ್ಲ. ಬೆರಳಿನ ಹೊಡೆತ ತುಸು ಜೋರಾದರೆ ಬಣ್ಣವೂ ತುಸುವೇ ಮಾಗುತ್ತದೆ. ನನ್ನ ಮಟ್ಟಿಗೆ ವಾದ್ಯ ಎನ್ನಿಸಿಕೊಳ್ಳುವುದಕ್ಕೆ ಬೇಕಾದ ಮೊದಲ ಗುಣವೇ ಇದು.

ನಿಜ ವಾದ್ಯಗಳ ಅನುಕರಣೆಯ ಪಂದ್ಯದಲ್ಲಂತೂ ಹಳೆಯದು ಸೋತಿತು, ಅದೂ ಬೇಗನೆ. 1987ರಲ್ಲಿ ರೋಲಂಡ್ ಡಿ-50, ಮರುವರ್ಷ ಕೋರ್ಗ್ ಎಂ1 ಎಂಬ ಸ್ಯಾಂಪಲ್ ಬಳಸುವ ಕೀಬೋರ್ಡುಗಳು ಬಂದವು. ಮೆಮೊರಿ ಅಗ್ಗವಾದಷ್ಟೂ ಮುದ್ರಿತ ನಾದ ಗೆಲ್ಲುತ್ತ ಬಂತು. ನಮ್ಮ ಆರ್ಕೆಸ್ಟ್ರಾ ವಾದಕನಿಗೆ ತಬಲ, ಶಹನಾಯಿ, ಪಿಟೀಲು ಒಂದೇ ಪೆಟ್ಟಿಗೆಯಲ್ಲಿ ಬೇಕು, ಅವನ ಮುಂದೆ ಎಫ್‌ಎಂ ಹೊಗಳುವುದರಲ್ಲಿ ಅರ್ಥವಿಲ್ಲ. ಡಿಎಕ್ಸ್7ನಲ್ಲಿ ಹೊಸ ಟೋನ್ ಕಟ್ಟುವುದಂತೂ ತಾಳ್ಮೆಯ ಪರೀಕ್ಷೆ: ಪುಟ್ಟ ಪರದೆ, ಸಾಲು ಗುಂಡಿಗಳು. ಹೆಚ್ಚಿನವರು ಕಂಪನಿ ಕೊಟ್ಟ ಟೋನುಗಳಲ್ಲೇ ತೃಪ್ತರಾದರು. (ಆ ಕಾಲದ ಹಾಡುಗಳು ಒಂದೇ ಥರ ಕೇಳಿಸುವುದಕ್ಕೆ ಸೋಮಾರಿತನವೂ ಕಾರಣ.)

ಆದರೂ ಯಮಾಹಾ ಎಫ್‌ಎಂ ಅನ್ನು ಕೈಬಿಡಲಿಲ್ಲ. 2016ರ ಅದರ ಮಾಂಟಾಜ್ ಕೀಬೋರ್ಡಿನಲ್ಲಿ ಸ್ಯಾಂಪಲ್‌ಗಳ ಜೊತೆಗೇ ಎಂಟು ಅಲೆಗಳ ಎಫ್‌ಎಂ ಕೂತಿದೆ. ಹಾಗೆಂದು ಹಳೆಯ ಡಿಎಕ್ಸ್7 ಹುಡುಕಿಕೊಂಡು ಹೋಗಬೇಕಿಲ್ಲ. ಅದರೊಳಗಿನ ಬ್ಯಾಟರಿ ಸತ್ತರೆ ಉಳಿಸಿಟ್ಟ ಟೋನುಗಳೆಲ್ಲ ಅಳಿಸಿಹೋಗುತ್ತವೆ, ಬದಲಿಸಲು ಬೆಸುಗೆ ಹಾಕುವವರೇ ಬೇಕು. ಡೆಕ್ಸೆಡ್ ಎಂಬ ಉಚಿತ ತಂತ್ರಾಂಶ ಅವೇ ಟೋನುಗಳನ್ನು ಲ್ಯಾಪ್‌ಟಾಪಿನಲ್ಲಿ ನುಡಿಸುತ್ತದೆ. ಕೀಲಿಗಳು ಹೊಡೆತದ ಜೋರನ್ನು ಗ್ರಹಿಸುವಂಥ ಕೀಬೋರ್ಡನ್ನು ಅದಕ್ಕೆ ಜೋಡಿಸಿದರಾಯಿತು.